ಕೆಂಪು ಚುಕ್ಕೆಯ ನಲ್ಲಿ

ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದರು. ನಾವು ಬರೆದುಕೊಂಡೆವು. ನೀರಿಗೆ ಜಾತಿಯಿಲ್ಲ ಎಂದು ಮಾತ್ರ ಅವರು ಬರೆಯಲಿಲ್ಲ. ಬರೆದಿದ್ದರೂ ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ಆ ಮಾತು ಸುಳ್ಳಾಗುತ್ತಿತ್ತು. ಶಾಲೆ ಹಿಂದಿನ ನಲ್ಲಿಯಲ್ಲಿ ಮೊದಲು ಊರಿನ ಮಕ್ಕಳು ಕುಡಿಯಬೇಕು, ಆಮೇಲೆ ಕೇರಿಯ ಮಕ್ಕಳು ಕುಡಿಯಬೇಕು ಎಂದು ಯಾರೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ನಮ್ಮದು ಮಳವಳ್ಳಿ ಸೀಮೆ. ನಮ್ಮ ಕೇರಿಯಲ್ಲಿ ಡಿಗ್ರಿ ಕಂಡ ಮೊದಲ ತಲೆಮಾರು ನಾವು. ನಮಗಿಂತ ಮುಂಚೆ ನಮ್ಮ ಮನೆಗಳಲ್ಲಿ ಬರಹ ಅಂದರೆ ಸಾಲಪತ್ರದ ಮೇಲಿನ ಹೆಬ್ಬೆಟ್ಟು. ಕವಿತೆ ಬರೆಯುವ ನಾವು ಈ ಸಲ ಬರೆಯಹೊರಟಿರುವುದು ಅಡುಗೆಮನೆಯ ನಲ್ಲಿಯ ಬಗ್ಗೆ. ಬಿಸಿನೀರಿನ ನಲ್ಲಿ, ತಣ್ಣೀರಿನ ನಲ್ಲಿ. ಗೆಳೆಯರು ನಗಬಹುದು. ನಗಲಿ. ನಮ್ಮ ಅವ್ವಂದಿರ ಕೈ ನೋಡಿದವರು ನಗುವುದಿಲ್ಲ.

ನಮ್ಮ ತಾತ ನೀರಗಂಟಿ. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ಅವನ ಕೆಲಸ. ಇಡೀ ಊರಿನ ಅನ್ನ ಅವನು ಹಿಡಿದ ತೂಬಿನಲ್ಲಿತ್ತು. ಅದೇ ಕೈ ಊರ ಬಾವಿ ಹತ್ತಿರ ಬಂದರೆ ಬೊಗಸೆ ಆಗಬೇಕಿತ್ತು. 'ಒಸಿ ನೀರ್ ಉಯ್ರಿ ಬುದ್ದೀ' ಅಂತ ದೂರ ನಿಲ್ಲಬೇಕಿತ್ತು. ಯಾರಾದರೂ ಸೇದಿ ಮೇಲಿನಿಂದ ಹೊಯ್ದರೆ ಕುಡಿದ, ಇಲ್ಲವೆಂದರೆ ಇಲ್ಲ. ಗದ್ದೆಗೆ ಹರಿಯುವ ನೀರಿಗೆ ಅವನ ಕೈ ಮೈಲಿಗೆಯಲ್ಲ, ಕುಡಿಯುವ ನೀರಿಗೆ ಮೈಲಿಗೆ. ಇಂಥ ಲೆಕ್ಕ ಹಾಕಿದವರು ಬುದ್ಧಿವಂತರೇ ಸರಿ.

ಬೊಗಸೆಗೆ ಬಿದ್ದ ನೀರು ಬೆಚ್ಚಗಿದೆಯೋ ತಣ್ಣಗಿದೆಯೋ ಎಂದು ಯಾರು ನೋಡುತ್ತಾರೆ? ಬಿಸಿನೀರು ನಮಗೆ ಹಬ್ಬದ ಮಾತು, ಬಾಣಂತಿಯ ಮಾತು. ದೀಪಾವಳಿಗೆ ಮುಂಚೆ ನೀರು ತುಂಬುವ ಹಬ್ಬದ ದಿನ ಊರಿನ ಮನೆಗಳಲ್ಲಿ ತಾಮ್ರದ ಹಂಡೆ ತಿಕ್ಕಿ, ಸುಣ್ಣದ ಪಟ್ಟೆ ಬಳಿದು, ಬಳ್ಳಿ ಸುತ್ತಿ ನೀರು ತುಂಬುತ್ತಿದ್ದರು. ಆ ಬಚ್ಚಲೊಲೆಗೆ ಸೌದೆ ಒಡೆದು ಹಾಕಿದವರು ನಾವು. ಆ ಬಿಸಿ ಮೈಗೆ ಕಾಣದವರೂ ನಾವೇ. ನಮ್ಮ ಮನೆಯಲ್ಲಿ ದಿನಾ ಕಾಯುತ್ತಿದ್ದ ನೀರು ಒಂದೇ, ಮುದ್ದೆಯ ಎಸರು.

ಆಮೇಲೆ ತೊಂಬೆ ಬಂತು, ತೊಂಬೆಗೆ ನಲ್ಲಿ ಬಂತು. ನಲ್ಲಿಗೆ ಸೇದಿ ಹೊಯ್ಯುವ ಬುದ್ದಿ ಬೇಕಾಗಿಲ್ಲ. ತಿರುಗಿಸಿದರೆ ನೀರು. ಇನ್ನು ಜಾತಿ ಸತ್ತಂತೆಯೇ ಅಂದುಕೊಂಡವರಿದ್ದರು. ಜಾತಿ ಸಾಯಲಿಲ್ಲ, ತೊಂಬೆ ಹತ್ತಿ ಕುಳಿತಿತು. 2022ರ ನವೆಂಬರ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ ಏನಾಯಿತು ಎಂದು ಎಲ್ಲ ಪತ್ರಿಕೆಗಳಲ್ಲೂ ಬಂತು. ಮದುವೆಗೆಂದು ಬಂದಿದ್ದ ದಲಿತ ಹೆಣ್ಣುಮಗಳೊಬ್ಬಳು ಮೇಲ್ಜಾತಿ ಬೀದಿಯ ತೊಂಬೆಯ ನಲ್ಲಿ ತಿರುಗಿಸಿ ನೀರು ಕುಡಿದಳು. ತೊಂಬೆಯ ನೀರನ್ನೆಲ್ಲ ಖಾಲಿ ಮಾಡಿ ಗೋಮೂತ್ರ ಹಾಕಿ ತೊಳೆದರು.

ಈ ಗೋಮೂತ್ರ ಹೊಸದಲ್ಲ. 1923ರಲ್ಲೇ ಮುಂಬಯಿ ಶಾಸನಸಭೆ ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಬೇಕೆಂದು ಗೊತ್ತುವಳಿ ಮಾಡಿತ್ತು. ಮಹಾಡದ ಪುರಸಭೆಯೂ ಒಪ್ಪಿತ್ತು. ಕಾಗದದ ಮೇಲೆ ಕೆರೆ ತೆರೆದಿತ್ತು, ಮೆಟ್ಟಿಲ ಮೇಲೆ ಮುಚ್ಚಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ಅವರ ಹಿಂದೆ ಸಾವಿರಾರು ಜನ ಕುಡಿದರು. ಆಮೇಲೆ ಆ ಕೆರೆಗೂ ಸಗಣಿ, ಗೋಮೂತ್ರ ಸುರಿದು ಶುದ್ಧಿ ಮಾಡಿದರು, ಕೋರ್ಟಿಗೂ ಎಳೆದರು. ಮುಂಬಯಿ ಹೈಕೋರ್ಟ್ ಬಾಬಾಸಾಹೇಬರ ಪರ ತೀರ್ಪು ಕೊಡುವ ಹೊತ್ತಿಗೆ 1937 ಆಗಿತ್ತು. ಮಹಾಡದಿಂದ ಹೆಗ್ಗೊಠಾರಕ್ಕೆ 95 ವರ್ಷ. ಕೆರೆ ಹೋಗಿ ತೊಂಬೆ ಬಂದಿದೆ. ಸುರಿಯುವುದು ಮಾತ್ರ ಅದನ್ನೇ.

ಸಂವಿಧಾನದ 15ನೇ ವಿಧಿಯಲ್ಲಿ ಸಾರ್ವಜನಿಕ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರು ಹಿಡಿದೇ ಹೇಳಿದೆ. ಅಡುಗೆಮನೆಯ ಸಿಂಕು ಆ ಪಟ್ಟಿಯಲ್ಲಿಲ್ಲ. ಅದು ಖಾಸಗಿ ಜಾಗ. ಬಾಗಿಲು ಹಾಕಿಕೊಂಡರೆ ಒಳಗೆ ಯಾರು ಯಾವ ನಲ್ಲಿ ಮುಟ್ಟಿದರು ಎಂದು ಯಾವ ತಹಶೀಲ್ದಾರ ಬಂದು ನೋಡುತ್ತಾನೆ? ಆ ಒಳಗಿನ ಮಾತನ್ನೇ ಈಗ ಹೇಳಬೇಕು.

ನಮ್ಮ ಸೀಮೆಯ ತೊರೆಕಾಡನಹಳ್ಳಿಯಿಂದ ಕಾವೇರಿ ಬೆಂಗಳೂರಿಗೆ ಹೋಗುತ್ತಾಳೆ. 1974ರಲ್ಲಿ ಮೊದಲನೇ ಹಂತ, 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ. ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರ, ಪಂಪು ಹಾಕಿ ಏರಿಸುತ್ತಾರೆ. ನೀರು ಹೋದ ದಾರಿಯಲ್ಲೇ ನಮ್ಮ ಹೆಂಗಸರೂ ಹೋದರು. ನೀರನ್ನು ಪಂಪು ತಳ್ಳಿತು, ಇವರನ್ನು ಹಸಿವು ತಳ್ಳಿತು. ಬೆಂಗಳೂರಿನ ಅಡುಗೆಮನೆಗಳಲ್ಲಿ ನೀರೂ ಇವರೂ ಮತ್ತೆ ಕೂಡಿದರು.

ಆ ಅಡುಗೆಮನೆಯ ಸಿಂಕಿನ ಮೇಲೆ ನಲ್ಲಿ ಒಂದೇ, ಚುಕ್ಕೆ ಎರಡು. ಕೆಂಪು ಚುಕ್ಕೆಯ ಕಡೆ ತಿರುಗಿಸಿದರೆ ಗೀಸರಿನದೋ ಸೋಲಾರಿನದೋ ಬಿಸಿನೀರು. ನೀಲಿ ಚುಕ್ಕೆಯ ಕಡೆ ತಿರುಗಿಸಿದರೆ ಮಾಳಿಗೆ ಟ್ಯಾಂಕಿನ ತಣ್ಣೀರು. ಅವ್ವ ನಾಲ್ಕು ಮನೆಗೆ ಹೋಗುತ್ತಾಳೆ. ಧನುರ್ಮಾಸದ ಬೆಳಗ್ಗೆ ಆರೂವರೆಗೆ ಮೊದಲನೇ ಮನೆ. ರಾತ್ರಿಯ ಪಾತ್ರೆ, ತುಪ್ಪ ಹೆಪ್ಪುಗಟ್ಟಿದ ಬಾಣಲೆ, ಹಾಲಿನ ಕೆನೆ ಅಂಟಿದ ತಪ್ಪಲೆ. ಆ ತಣ್ಣೀರಿಗೆ ಕೈಯಿಟ್ಟರೆ ಬೆರಳು ಸೆಟೆದುಕೊಳ್ಳುತ್ತವೆ.

'ಬಿಸಿನೀರ್ ಬಿಟ್ಕೊಂಡು ತೊಳಿಯವ್ವ, ಅಲ್ಲೇ ಅದಲ್ಲ' ಅಂದೆವು.

'ಆ ಕೆಂಪುದ್ ಮುಟ್ಬ್ಯಾಡ ಅಂದವ್ರೆ ಕಣ್ ಮಗ. ಕರೆಂಟ್ ಬಿಲ್ ಬತ್ತದಂತೆ.'

'ಮತ್ತೆ ಯಾತಕ್ಕೆ ಅದು, ಅಂದಕ್ಕೆ ಮಡಗವ್ರಾ?'

'ಅವ್ರು ಮುಟ್ತಾರೆ. ಅನ್ನದ ಎಸರಿಗೆ ಅದ್ನೇ ಹಿಡೀತಾರೆ. ಟೀಗೂ ಅದ್ನೇ. ಮೊದ್ಲೇ ಬಿಸಿ ಇರ್ತದಲ್ಲ, ಗ್ಯಾಸ್ ಉಳೀತದಂತೆ. ಮಗೀನ ಹಾಲಿನ್ ಪುಡೀನೂ ಅದ್ರಲ್ಲೇ ಕಲಿಸ್ತಾರೆ.'

ನಮ್ಮಲ್ಲಿ ಒಬ್ಬ ಬಿ.ಎಸ್ಸಿ. ರಸಾಯನಶಾಸ್ತ್ರ ಓದಿದವನು. ಈ ಮಾತು ಕೇಳಿದ್ದೇ ಅವನು ಎದ್ದು ಕುಳಿತ. ಅವನು ಹೇಳಿದ್ದನ್ನು, ಆಮೇಲೆ ನಾವು ಓದಿ ತಿಳಿದದ್ದನ್ನು ಸೇರಿಸಿ ಇಲ್ಲಿ ಬರೆಯುತ್ತೇವೆ. ಹಳ್ಳಿ ಶಾಲೆಯ ಮೇಷ್ಟ್ರುಗಳು ಇದನ್ನು ಬೋರ್ಡಿನ ಮೇಲೆ ಬರೆಯಬಹುದು.

ನೀರು ಸಾಧು ಅಲ್ಲ. ತಾನು ತಾಕಿದ್ದನ್ನೆಲ್ಲ ಒಂದಿಷ್ಟು ಕರಗಿಸಿಕೊಂಡೇ ಮುಂದೆ ಹೋಗುತ್ತದೆ. ಬಿಸಿಯಾದರೆ ಪೈಪು, ನಲ್ಲಿ, ಬೆಸುಗೆಗಳ ಲೋಹವನ್ನು ಇನ್ನೂ ಬೇಗ ಕರಗಿಸುತ್ತದೆ. ಸುಣ್ಣದ ಅಂಶ ಮಾತ್ರ ಉಲ್ಟಾ. ಗಡುಸು ನೀರು ಕಾದರೆ ಸುಣ್ಣ ಬೇರೆಯಾಗಿ ಗೀಸರಿನ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಗಂಟೆಗಟ್ಟಲೆ ಆ ತೊಟ್ಟಿಯೊಳಗೆ ನಿಂತ ನೀರೇ ಕೆಂಪು ಚುಕ್ಕೆಯ ನೀರು. ಬಹಳಷ್ಟು ಗೀಸರುಗಳ ಒಳಗೆ ಮೆಗ್ನೀಶಿಯಂನ ಒಂದು ಸರಳೂ ಇರುತ್ತದೆ. ತೊಟ್ಟಿಗೆ ತುಕ್ಕು ಹಿಡಿಯದಿರಲೆಂದು ತಾನು ಸವೆಯುವುದೇ ಅದರ ಕೆಲಸ. ಅದರ ಜಾತಿ ಯಾವುದೆಂದು ನಾವು ಯಾರನ್ನೂ ಕೇಳಬೇಕಾಗಿಲ್ಲ.

ಲೋಹಗಳಲ್ಲಿ ಕೆಟ್ಟದ್ದು ಸೀಸ. ಹಿತ್ತಾಳೆ ನಲ್ಲಿಗಳಲ್ಲಿ ಸ್ವಲ್ಪ ಸೀಸ ಬೆರೆತಿರುವುದುಂಟು, ಹಳೆಯ ಬೆಸುಗೆಗಳಲ್ಲಿ ಇರುವುದುಂಟು. ಪಿವಿಸಿ ಪೈಪು ಗಟ್ಟಿಯಾಗಿರಲೆಂದು ಸೀಸದ ಸಂಯುಕ್ತ ಬೆರೆಸುತ್ತಿದ್ದರು. ಅದನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿತು. ಅದಕ್ಕೆ ಮೊದಲು ಗೋಡೆಯೊಳಗೆ ಹೋದ ಪೈಪು ಗೋಡೆಯೊಳಗೇ ಇದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಸೀಸಕ್ಕಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಇಷ್ಟಾದರೆ ಅಪಾಯವಿಲ್ಲ ಎನ್ನಬಹುದಾದ ಸೀಸದ ಪ್ರಮಾಣವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಮೊದಲು ಹಿಡಿಯುವುದು ಎಳೆಮಕ್ಕಳ ಮಿದುಳನ್ನು. ಎಲ್ಲರ ಮನೆಯ ಗೀಸರಿನಲ್ಲೂ ಸೀಸವಿದೆ ಎಂದು ನಾವು ಹೇಳುತ್ತಿಲ್ಲ. ಪೈಪಿನಲ್ಲಿ ಇದ್ದರೆ ಅದನ್ನು ತಣ್ಣೀರಿಗಿಂತ ಹೆಚ್ಚಾಗಿ ಬಿಸಿನೀರೇ ಎತ್ತಿಕೊಂಡು ಬರುತ್ತದೆ ಎನ್ನುತ್ತಿದ್ದೇವೆ. ಕುಡಿಯಲು, ಬೇಯಿಸಲು, ಮಗುವಿನ ಹಾಲು ಕಲೆಸಲು ತಣ್ಣೀರಿನ ನಲ್ಲಿಯನ್ನೇ ಬಳಸಿ ಎಂದು ಅಮೆರಿಕದ ಪರಿಸರ ಇಲಾಖೆ ಅಲ್ಲಿನ ಜನಕ್ಕೆ ಹೇಳುವುದು ಇದೇ ಕಾರಣಕ್ಕೆ.

ಕುದಿಸಿದರೆ ಸರಿಹೋಗುತ್ತದಲ್ಲ ಎನ್ನುವವರಿದ್ದಾರೆ. ಕುದಿಸಿದರೆ ಕ್ರಿಮಿ ಸಾಯುತ್ತದೆ. ಸೀಸ ಸಾಯುವುದಿಲ್ಲ. ನೀರು ಆವಿಯಾಗಿ ಹೋದಷ್ಟೂ ಉಳಿದ ನೀರಿನಲ್ಲಿ ಸೀಸ ದಟ್ಟವಾಗುತ್ತದೆ. ಇನ್ನು ಗೀಸರಿನ ನೀರು ಬಿಸಿ ಇದೆ, ಅದಕ್ಕೇ ಶುದ್ಧ ಎನ್ನುವವರಿಗೆ ಒಂದು ಮಾತು. ಗೀಸರು ನೀರನ್ನು ಕುದಿಸುವುದಿಲ್ಲ, ಬರೀ ಕಾಯಿಸುತ್ತದೆ.

ನಮ್ಮ ನಾಡಿನಲ್ಲೇ ಇದಕ್ಕೆ ಹತ್ತಿರದ ಇನ್ನೊಂದು ಪಾಠವಿದೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ಮಾನಕ. ದಾಟಿದ ಊರುಗಳಲ್ಲಿ ಮಕ್ಕಳ ಹಲ್ಲು ಕಂದು, ದೊಡ್ಡವರ ಮೂಳೆ ಬಾಗು. 'ಕಾಯ್ಸಿ ಕುಡೀರಿ' ಎಂದು ಹೇಳಿ ಕೈ ತೊಳೆದುಕೊಳ್ಳುವವರು ಅಲ್ಲೂ ಇದ್ದಾರೆ. ಕಾಯಿಸಿದರೆ ಫ್ಲೋರೈಡು ಹೋಗುವುದಿಲ್ಲ. ಕೇರಿಯ ಹೆಣ್ಣುಮಗಳು ಸೌದೆ ಸುಟ್ಟು ಹೊಗೆ ಕುಡಿದು ಕಾಯಿಸಿದ್ದಷ್ಟೇ ಬಂತು.

ಸೀಸವೂ ಫ್ಲೋರೈಡೂ ಜಾತಿ ನೋಡಿ ಒಳಗೆ ಹೋಗುವುದಿಲ್ಲ, ನಿಜ. ಆದರೆ ಅವುಗಳ ದಾರಿಗೆ ಅಡ್ಡ ನಿಲ್ಲುವವರು ಜಾತಿ, ಬಣ್ಣ ನೋಡುತ್ತಾರೆ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಫ್ಲಿಂಟ್ ಎಂಬ ನಗರವಿದೆ. ಅಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ಜನ, ಬಹಳಷ್ಟು ಬಡವರು. 2014ರ ಏಪ್ರಿಲ್‌ನಲ್ಲಿ ದುಡ್ಡು ಉಳಿಸಲು ನಗರದ ನೀರಿನ ಮೂಲವನ್ನೇ ಬದಲಾಯಿಸಿ ಫ್ಲಿಂಟ್ ನದಿಯ ನೀರು ಬಿಟ್ಟರು. ಪೈಪು ಸವೆಯದಂತೆ ಬೆರೆಸಬೇಕಾಗಿದ್ದ ರಾಸಾಯನಿಕ ಬೆರೆಸಲಿಲ್ಲ. ಹಳೇ ಪೈಪುಗಳ ಸೀಸ ಕರಗಿ ಮಕ್ಕಳ ರಕ್ತಕ್ಕೆ ಬಂತು. ತಾಯಂದಿರು ಕೆಂಪಗಿನ ನೀರನ್ನು ಬಾಟಲಿಯಲ್ಲಿ ಹಿಡಿದು ಸಭೆಗೆ ತಂದು ತೋರಿಸಿದರು. ನೀರು ಚೆನ್ನಾಗಿದೆ ಎಂದೇ ಅಧಿಕಾರಿಗಳು ಹೇಳುತ್ತಾ ಬಂದರು. ಮೂಲ ಮತ್ತೆ ಬದಲಾಗುವ ಹೊತ್ತಿಗೆ 2015ರ ಅಕ್ಟೋಬರ್. ಅಲ್ಲಿ ಗೋಮೂತ್ರ ಸುರಿಯಲಿಲ್ಲ. ಕಪ್ಪು ಜನರ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಅಷ್ಟೇ.

ಈಗ ಅವ್ವನ ಮನೆಯೊಡತಿಯ ಲೆಕ್ಕಕ್ಕೆ ಬರೋಣ. ಎರಡು ಲೀಟರ್ ಎಸರಿಗೆ ತಣ್ಣೀರಿನ ಬದಲು 55 ಡಿಗ್ರಿಯ ಬಿಸಿನೀರು ಹಿಡಿದರೆ ಉಳಿಯುವ ಗ್ಯಾಸು ಸುಮಾರು 10 ಗ್ರಾಂ. ಸಿಲಿಂಡರಿನಲ್ಲಿರುವುದು 14.2 ಕಿಲೋ. ಆ ಬಿಸಿಗೆ ಗೀಸರಿನಲ್ಲಿ ಕರೆಂಟು ಮೊದಲೇ ಸುಟ್ಟಿರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಈ 10 ಗ್ರಾಂ ಗ್ಯಾಸಿಗಾಗಿ ತಮ್ಮ ಮಗುವಿನ ಬಟ್ಟಲಿಗೇ ಗೀಸರಿನ ತೊಟ್ಟಿಯ ನೀರು ಹಿಡಿಯುತ್ತಾರೆ.

ಪಾತ್ರೆ ತೊಳೆಯುವ ಲೆಕ್ಕವನ್ನೂ ಹಾಕೋಣ. 10 ಲೀಟರ್ ತಣ್ಣೀರನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ಉಗುರುಬೆಚ್ಚಗೆ ಮಾಡಲು ಬೇಕಾದ ಕರೆಂಟು ಸುಮಾರು ಕಾಲು ಯೂನಿಟ್ಟು. ಒಂದು ಬೆಂಕಿಪೊಟ್ಟಣದ ದುಡ್ಡು. ಸೋಲಾರ್ ಇದ್ದ ಮನೆಯಲ್ಲಿ ಅದೂ ಇಲ್ಲ, ಕೊಡುವವನು ಸೂರ್ಯ. ಬೆಚ್ಚನೆಯ ನೀರಿಗೆ ತುಪ್ಪ, ಎಣ್ಣೆ, ಕೆನೆ ಬಿಟ್ಟುಕೊಳ್ಳುತ್ತವೆ. ತಣ್ಣೀರಿಗೆ ಅವು ಹೆಪ್ಪುಗಟ್ಟಿ ಅಂಟಿಕೊಳ್ಳುತ್ತವೆ. ಹೆಚ್ಚು ಪುಡಿ, ಹೆಚ್ಚು ತಿಕ್ಕು, ಹೆಚ್ಚು ನೀರು, ಹೆಚ್ಚು ಹೊತ್ತು. ಇಷ್ಟೆಲ್ಲ ಹೆಚ್ಚಿಗೆ ಬೀಳುವುದು ಒಂದೇ ಜೊತೆ ಕೈಗೆ. ದಿನಾ ನಾಲ್ಕು ಮನೆಯ ಸೋಪಿನ ನೀರಿನಲ್ಲಿ ನೆನೆದ ಚರ್ಮ ತನ್ನ ಜಿಡ್ಡು ಕಳೆದುಕೊಂಡು ಒಣಗುತ್ತದೆ, ಬಿರಿಯುತ್ತದೆ. ಬಿರಿದ ಸಂದಿಗೆ ಪುಡಿ ಇಳಿಯುತ್ತದೆ. ರಾತ್ರಿ ಅವ್ವ ಮುದ್ದೆ ಮುರಿಯುವಾಗ ಸಾರಿನ ಖಾರಕ್ಕೆ ಕೈ ಹಿಂದೆಗೆಯುತ್ತಾಳೆ. ಸುಡುವ ನೀರೂ ಚರ್ಮಕ್ಕೆ ಒಳ್ಳೆಯದಲ್ಲ, ಬೇಕಾದ್ದು ಉಗುರುಬೆಚ್ಚಗಿನ ನೀರು. ಅಷ್ಟೇ ಕೇಳುತ್ತಿರುವುದು.

ಈಗ ನೋಡಿ. ವಿಜ್ಞಾನ ಹೇಳುವುದು, ಬೇಯುವ ಪಾತ್ರೆಗೆ ತಣ್ಣೀರು, ತೊಳೆಯುವ ಕೈಗೆ ಬಿಸಿನೀರು. ಆ ಅಡುಗೆಮನೆಯಲ್ಲಿ ನಡೆಯುತ್ತಿರುವುದು, ಬೇಯುವ ಪಾತ್ರೆಗೆ ಬಿಸಿನೀರು, ತೊಳೆಯುವ ಕೈಗೆ ತಣ್ಣೀರು. ಎರಡೂ ತಲೆಕೆಳಗು. ಕರೆಂಟ್ ಬಿಲ್ಲಿನ ಮಾತೇ ನಿಜವಾಗಿದ್ದರೆ ಮೊದಲು ಉಳಿಯಬೇಕಾದದ್ದು ಎಸರಿನ ಬಿಸಿನೀರು. ಹಾಗಾದರೆ ಇದು ಬಿಲ್ಲಿನ ಮಾತಲ್ಲ. ಒಳ್ಳೆಯದು, ಬೆಚ್ಚಗಿನದು, ಸುಖವಾದದ್ದು ಕೆಲಸದವಳ ಕೈಗಲ್ಲ ಎಂಬ ಹಳೇ ಮಾತು. ಮೊದಲು ಅದಕ್ಕೆ ಮಡಿ ಎಂಬ ಹೆಸರಿತ್ತು. ಈಗ ಬಿಲ್ಲು ಎಂಬ ಹೆಸರು. ಬೇರೆ ಲೋಟ, ಬೇರೆ ತಟ್ಟೆ ಇಟ್ಟಾಗ ನಮಗೆ ಕೂಡಲೇ ಅರ್ಥವಾಗುತ್ತದೆ. ಒಂದೇ ನಲ್ಲಿಗೆ ಎರಡು ಚುಕ್ಕೆ ಇಟ್ಟು ಒಂದನ್ನು ನಮಗೆ ಬಿಟ್ಟಾಗ ಅರ್ಥವಾಗಲು ಹೊತ್ತು ಹಿಡಿಯುತ್ತದೆ. ಅದೂ ನಮಗೆ ಬಿಟ್ಟಿರುವುದು ನೀಲಿ ಚುಕ್ಕೆ, ನಮ್ಮ ಬಾವುಟದ ಬಣ್ಣ!

ಭೂಮಿಯ ಪ್ರಶ್ನೆ ಇದೆ, ಮೀಸಲಾತಿಯ ಪ್ರಶ್ನೆ ಇದೆ, ಕಗ್ಗೊಲೆಗಳಾಗುತ್ತಿವೆ, ನಿಮಗೆ ನಲ್ಲಿಯ ಚಿಂತೆಯೇ ಎಂದು ಸಂಗಾತಿಗಳು ಕೇಳಬಹುದು. ಕೇಳಲಿ. ಹೋರಾಟವನ್ನು ದೊಡ್ಡದು ಚಿಕ್ಕದು ಎಂದು ಸಾಲಾಗಿ ನಿಲ್ಲಿಸುವವರು ಯಾವಾಗಲೂ ಹೆಂಗಸರ ಕೆಲಸವನ್ನೇ ಕೊನೆಗೆ ನಿಲ್ಲಿಸುತ್ತಾರೆ. ನಮ್ಮ ಫೀಸು ಕಟ್ಟಿದ್ದು, ನಾವು ಕವಿತೆ ಬರೆಯುವ ಹಾಳೆ ಕೊಂಡದ್ದು ಆ ಸಿಂಕಿನ ದುಡ್ಡಿನಿಂದ. ಸಭೆ ಮುಗಿಸಿ ಮನೆಗೆ ಹೋದ ಗಂಡಸು ಉಂಡ ತಟ್ಟೆಯನ್ನು ಯಾರ ಮುಂದೆ ಇಡುತ್ತಾನೆ ಎಂಬುದೂ ಇದೇ ಪ್ರಶ್ನೆಯ ಇನ್ನೊಂದು ಮುಖ. ಕೇರಿಯ ಮನೆಯಲ್ಲೂ ತೊಳೆಯುವ ಕೈ ಹೆಣ್ಣಿನದೇ.

ಮನೆಗೆಲಸದವರಿಗೆ ಕನಿಷ್ಠ ಕೂಲಿ ಎಂದು ಕರ್ನಾಟಕ ಸರ್ಕಾರ 2004ರಲ್ಲೇ ಅಧಿಸೂಚನೆ ಹೊರಡಿಸಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಮನೆಗೆಲಸದವರ ಹಕ್ಕುಗಳಿಗಾಗಿ ಒಂದು ಒಡಂಬಡಿಕೆಯನ್ನೇ ಮಾಡಿತು. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. 'ಮನೆ ಮನೆಗೆ ಗಂಗೆ' ಯೋಜನೆ ಹಳ್ಳಿಯವರಿಗೆ ತಲೆಗೆ ದಿನಕ್ಕೆ 55 ಲೀಟರ್ ಎಂದಿದೆ. ಒಳಚರಂಡಿ ಇರುವ ನಗರಕ್ಕೆ ಸರ್ಕಾರದ ಲೆಕ್ಕ 135 ಲೀಟರ್. ನೀರು ಹೋದ ಊರಿಗೆ 135, ನೀರು ಬಿಟ್ಟುಕೊಟ್ಟ ಊರಿಗೆ 55. ಈ ಗಂಗೆ ನಮ್ಮ ಕೇರಿಯ ನಲ್ಲಿಗೆ ದಿನ ಬಿಟ್ಟು ದಿನ ಬರುತ್ತಾಳೆ. ಕಾನೂನೂ ಹಾಗೆಯೇ ಬರುತ್ತದೆ. ಬಂದಾಗ ಹಿಡಿದುಕೊಳ್ಳಬೇಕು, ಬಾರದಿದ್ದಾಗ ಕೇಳಬೇಕು.

ಕಳೆದ ಚಳಿಗಾಲದಲ್ಲಿ ಒಂದೇ ಕಟ್ಟಡಕ್ಕೆ ಕೆಲಸಕ್ಕೆ ಹೋಗುವ ನಮ್ಮ ಕಡೆಯ ಆರು ಜನ ಹೆಂಗಸರು ಒಟ್ಟಾಗಿ ಒಂದೇ ದಿನ ಕೇಳಿದರು. ಜಗಳ ಮಾಡಲಿಲ್ಲ. 'ಅಮ್ಮಾ, ಪಾತ್ರೆ ತೊಳಿಯಾಕೆ ಬಿಸಿನೀರ್ ಬಿಡಿ. ಎಸರಿಗೆ ಮಾತ್ರ ಅದ್ನ ಹಿಡೀಬ್ಯಾಡಿ, ಮಗೀಗೆ ಒಳ್ಳೇದಲ್ಲ' ಅಂದರು. ಮೂರು ಮನೆಯವರು ಒಪ್ಪಿದರು. ಎರಡು ಮನೆಯವರು ನೋಡೋಣ ಅಂದರು. ಒಂದು ಮನೆಯವರು ನಾಳೆಯಿಂದ ಬರಬೇಡ ಅಂದರು. ಮಿಕ್ಕ ಐವರು ಸೇರಿ ಆಕೆಗೆ ಎಂಟು ದಿನದಲ್ಲಿ ಬೇರೆ ಮನೆ ಹುಡುಕಿಕೊಟ್ಟರು. ಆ ಎಂಟು ದಿನದ ಕೂಲಿಯನ್ನೂ ತಾವೇ ಹಂಚಿಕೊಂಡು ಕೊಟ್ಟರು. ಸಂಘಟನೆ ಅಂದರೆ ಏನು ಎಂದು ನಾವು ಬಹಳ ಪುಸ್ತಕ ಓದಿದ್ದೇವೆ. ಇಷ್ಟು ಸಲೀಸಾಗಿ ಯಾವುದೂ ಹೇಳಿರಲಿಲ್ಲ.

ಮೇಷ್ಟ್ರುಗಳಲ್ಲಿ ನಮ್ಮದೊಂದು ಕೋರಿಕೆ. ನೀರಿನ ಪಾಠ ಮಾಡುವ ದಿನ, ನೀರು ಬಿಸಿಯಾದರೆ ಲೋಹವನ್ನು ಹೆಚ್ಚು ಕರಗಿಸುತ್ತದೆ ಎಂದು ಬರೆಸಿ. ಕುದಿಸಿದರೆ ಸಾಯುವುದು ಯಾವುದು, ಸಾಯದೆ ಉಳಿಯುವುದು ಯಾವುದು ಎಂದು ಬರೆಸಿ. ವಿದ್ಯಾರ್ಥಿ ಗೆಳೆಯರು ರಜೆಗೆ ಮನೆಗೆ ಹೋದಾಗ ಅವ್ವನ ಕೈ ನೋಡಲಿ, ಆಮೇಲೆ ತಮ್ಮ ತಟ್ಟೆ ತಾವು ತೊಳೆಯಲಿ. ಸಂಘಟನೆಯ ಸಂಗಾತಿಗಳು ಮನೆಗೆಲಸದವರ ಬೇಡಿಕೆ ಬರೆಯುವಾಗ ಕೂಲಿ, ವಾರದ ರಜೆಗಳ ಕೆಳಗೆ ಇನ್ನೊಂದು ಸಾಲು ಸೇರಿಸಲಿ: ಕೆಂಪು ಚುಕ್ಕೆಯ ನಲ್ಲಿ.